ತೋಟ ಮಾರೋದು ಬೇಡ, ಸಾಲವನ್ನೇ ಚಿಕ್ಕದು ಮಾಡಿಕೊ

ತಂಗಿ, ನಿನ್ನ ಮೆಸೇಜಿಗೆ ಉತ್ತರ ತಡವಾಯಿತು. ನಾನೀಗ ಶಿರಸಿ ಹತ್ತಿರ ತವರುಮನೆಗೆ ಬಂದಿದ್ದೇನೆ. ಮಳೆ ಬಿಟ್ಟಿಲ್ಲ, ಕರೆಂಟು ಹೋಗೋದು ಬರೋದು ನಡೆದೇ ಇದೆ. ಸಿಕ್ಕಾಗ ಸಿಕ್ಕಷ್ಟು ಬರೆದಿಟ್ಟು ಈಗ ಒಟ್ಟಿಗೆ ಕಳಿಸುತ್ತಿದ್ದೇನೆ. ಉದ್ದವಾಗಿದೆ, ನೀನೂ ನಿನ್ನ ಯಜಮಾನರೂ ಒಟ್ಟಿಗೆ ಕೂತು ಓದಿ.

ನೀನು ಕೇಳಿದ್ದು ಇದು. ಕುಮಟೆಯಿಂದ ಕೆನಡಾದ ಕಿಚನರ್‌ಗೆ ಬಂದು ಎರಡು ವರ್ಷವಾಯಿತು, ಪಿಆರ್ (ಕಾಯಂ ಆಗಿ ಇರುವ ಅನುಮತಿ) ಸಿಕ್ಕಿದೆ, ಇಬ್ಬರಿಗೂ ಕೆಲಸ ಇದೆ. 5 ಲಕ್ಷ ಡಾಲರಿನ ಒಂದು ಟೌನ್‌ಹೌಸ್ ನೋಡಿಟ್ಟಿದ್ದೀರಿ. 1 ಲಕ್ಷ ಕೈಯಿಂದ ಹಾಕಿ 4 ಲಕ್ಷ ಸಾಲ ಮಾಡೋದು ಅಂತ ಯೋಚನೆ. ಬ್ಯಾಂಕಿನವರು ಇದಕ್ಕಿಂತ ದೊಡ್ಡ ಮನೆಗೂ ಸಾಲ ಕೊಡ್ತೀವಿ ಅಂದಿದ್ದಾರೆ. 25 ವರ್ಷದ ಸಾಲ ಅಂದರೆ ನಿನಗೆ ಎದೆ ಧಸಕ್ಕೆನ್ನುತ್ತದೆ. ಬೇಗ ತೀರಿಸೋಕೆ ಆಗುತ್ತಾ, ಆದರೂ ತೀರಿಸೋದು ಜಾಣತನವಾ, ಇಲ್ಲಾ ಆಫೀಸಿನ ಗೆಳೆಯರು ಹೇಳುವ ಹಾಗೆ ಆ ದುಡ್ಡನ್ನು ಷೇರಿಗೆ ಹಾಕಬೇಕಾ ಅಂತ ಕೇಳಿದ್ದೀಯ. ಎಲ್ಲದರ ಕೊನೆಗೆ, ನಿಮ್ಮ ಅಪ್ಪಯ್ಯ ತೋಟದ ಒಂದು ಪಾಲು ಮಾರಿ ದುಡ್ಡು ಕಳಿಸ್ತೇನೆ ಅಂತಿದ್ದಾರೆ ಅಂತ ಒಂದು ಸಾಲು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಸಾಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಬೇಗ ತೀರಿಸಬಹುದು. ನಾವು 2010ರಲ್ಲಿ ಮಾಡಿದ 25 ವರ್ಷದ ಸಾಲ ಹನ್ನೆರಡು ವರ್ಷದೊಳಗೆ ತೀರಿತು. ಆಗಿನ ಮನೆ ಬೆಲೆಯೇ ಬೇರೆ, ಈಗಿನದೇ ಬೇರೆ, ಹಾಗಾಗಿ ನಮ್ಮ ಲೆಕ್ಕ ನಿನಗೆ ಉಪಯೋಗವಿಲ್ಲ. ಆದರೆ ಅದನ್ನು ಮಾಡಿದ ರೀತಿ ಈಗಲೂ ನಡೆಯುತ್ತದೆ. ನಾವು ಒಬ್ಬರ ಸಂಬಳದಲ್ಲಿ ಕಂತು ಕಟ್ಟಿ, ಊಟ ತಿಂಡಿ, ಕರೆಂಟು ಬಿಲ್ಲು ಎಲ್ಲ ನಡೆದು ಹೋಗುವಷ್ಟು ಸಾಲ ಮಾತ್ರ ಮಾಡಿದೆವು. ನಾನು ನಿನಗೆ ಹೇಳೋದಕ್ಕೆ ಇರುವ ಮುಖ್ಯ ಮಾತು ಇದೊಂದೇ. ಸಾಲ ಬೇಗ ತೀರುತ್ತೋ ಇಲ್ಲವೋ ಅನ್ನೋದು ಮುಕ್ಕಾಲು ಪಾಲು ಸಹಿ ಹಾಕುವ ದಿನವೇ ತೀರ್ಮಾನವಾಗಿರುತ್ತದೆ.

ಬ್ಯಾಂಕಿನವರು ಇಬ್ಬರ ಸಂಬಳ ಕೂಡಿಸಿ ಲೆಕ್ಕ ಹಾಕುತ್ತಾರೆ. ಸ್ಟ್ರೆಸ್ ಟೆಸ್ಟ್ ಅಂತ ಒಂದಿದೆ. ನಿಮಗೆ ಕೊಡುವ ದರಕ್ಕಿಂತ 2 ಪರ್ಸೆಂಟ್ ಜಾಸ್ತಿ, ಇಲ್ಲವೇ 5.25 ಪರ್ಸೆಂಟ್, ಎರಡರಲ್ಲಿ ಯಾವುದು ಹೆಚ್ಚೋ ಆ ದರದಲ್ಲೂ ಕಂತು ಕಟ್ಟುವ ಶಕ್ತಿ ಇದೆಯಾ ಅಂತ ನೋಡುತ್ತಾರೆ. ಪಾಸಾದರೆ ಇಷ್ಟು ಸಾಲ ಕೊಡಬಹುದು ಅಂತ ಅರ್ಥ, ಅಷ್ಟೇ. ಆ ಲೆಕ್ಕದಲ್ಲಿ ಗೋವಾಕ್ಕೋ ಬೆಂಗಳೂರಿಗೋ ಹಾರಿ ಅಲ್ಲಿಂದ ಕುಮಟೆಗೆ ಹೋಗುವ ಖರ್ಚು ಇಲ್ಲ. ಆಯಿಯ ಕಣ್ಣಿನ ಆಪರೇಷನ್ ಇಲ್ಲ. ತಮ್ಮನ ಮದುವೆ ಇಲ್ಲ. ಮಗುವಂತೂ ಇಲ್ಲವೇ ಇಲ್ಲ. ನೀವು ಹೊಸ ಜೋಡಿ, ನಾಳೆ ಮಗುವಾದರೆ ಸರ್ಕಾರದ ಇಐ ಅನ್ನುವ ಉದ್ಯೋಗ ವಿಮೆ ಹೆರಿಗೆ ರಜೆಗೆ 15 ವಾರ, ಆಮೇಲೆ ಪೋಷಕರ ರಜೆಗೆ ಒಬ್ಬರೇ ತೆಗೆದುಕೊಂಡರೆ 35 ವಾರ ದುಡ್ಡು ಕೊಡುತ್ತದೆ. ಆದರೆ ಅದು ಸಂಬಳದ 55 ಪರ್ಸೆಂಟ್, ಅದಕ್ಕೂ ವಾರಕ್ಕೆ ಇಷ್ಟೇ ಅಂತ ಮಿತಿ ಇದೆ. ಕಂಪನಿಯವರು ಮೇಲಿಂದ ಸೇರಿಸಿ ಕೊಟ್ಟರೆ ಪುಣ್ಯ, ಎಲ್ಲರೂ ಕೊಡೋದಿಲ್ಲ. ರಜೆ ಮುಗಿದ ಮೇಲೆ ಡೇಕೇರ್ ಶುರು. ಎರಡೂ ಸಂಬಳ ಪೂರ್ತಿ ಕಂತಿಗೇ ಹೋಗುತ್ತಿದ್ದರೆ ಆ ಎರಡು ಮೂರು ವರ್ಷ ಉಸಿರು ಕಟ್ಟುತ್ತದೆ. ನಮ್ಮ ಬಳಗದಲ್ಲಿ ಒಳ್ಳೆ ಸಂಬಳದವರೇ ಆ ಸಮಯದಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ತಂದದ್ದನ್ನು ನಾನು ನೋಡಿದ್ದೇನೆ.

ಹಾಗಾಗಿ ಮನೆ ಕೊಳ್ಳುವ ಮೊದಲು ಒಂದು ಕೆಲಸ ಮಾಡು. ಈಗ ಬಾಡಿಗೆ ಮನೆಯಲ್ಲಿ ಇದ್ದೀರಲ್ಲ, ಆರು ತಿಂಗಳು ಮನೆ ಬಂದೇಬಿಟ್ಟಿದೆ ಅಂತ ಅಂದುಕೊಂಡು ಬದುಕಿ ನೋಡಿ. ಕಂತು, ಪ್ರಾಪರ್ಟಿ ಟ್ಯಾಕ್ಸ್, ವಿಮೆ, ಹೀಟಿಂಗು, ಟೌನ್‌ಹೌಸ್ ಆದ್ದರಿಂದ ಕಾಂಡೋ ಫೀ (ವಠಾರದ ನಿರ್ವಹಣೆಯ ಶುಲ್ಕ) ಇದ್ದರೆ ಅದು, ಇವೆಲ್ಲ ಕೂಡಿಸಿ ಅದರಲ್ಲಿ ಈಗಿನ ಬಾಡಿಗೆ ಕಳೆದು ಉಳಿದದ್ದನ್ನು ತಿಂಗಳ ಒಂದನೇ ತಾರೀಕಿಗೆ ಬೇರೆ ಖಾತೆಗೆ ಹಾಕಿ. ಕಡಿಮೆ ಸಂಬಳದವರ ಹಣವನ್ನು ಮುಟ್ಟಲೇಬೇಡಿ. ನಡೆದರೆ ಆ ಸಾಲ ನಿಮಗೆ ಸರಿ. ನಡೆಯದಿದ್ದರೆ ಮನೆ ಚಿಕ್ಕದು ನೋಡಿ, ಇಲ್ಲಾ ಇನ್ನೊಂದು ವರ್ಷ ತಡೆಯಿರಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಇದ್ದವರನ್ನು ಯಾರೂ ಕಡಿಮೆ ಅಂದುಕೊಳ್ಳೋದಿಲ್ಲ, ಅಂದುಕೊಂಡರೆ ಕಂತು ಕಟ್ಟೋದು ಅವರಲ್ಲವಲ್ಲ.

ಈಗ ಲೆಕ್ಕ. 4 ಲಕ್ಷ ಸಾಲ, 25 ವರ್ಷ, 4.5 ಪರ್ಸೆಂಟ್ ಫಿಕ್ಸೆಡ್ ಅಂತ ಇಟ್ಟುಕೊ. ತಿಂಗಳ ಕಂತು ಸುಮಾರು 2,214 ಡಾಲರ್. ಮೊದಲನೇ ಕಂತಿನಲ್ಲಿ ಬಡ್ಡಿಗೆ ಹೋಗುವುದು 1,486, ಅಸಲಿಗೆ ಹೋಗುವುದು 728. ವರ್ಷದ ಕೊನೆಗೆ ಬ್ಯಾಂಕಿನಿಂದ ಒಂದು ಸ್ಟೇಟ್‌ಮೆಂಟ್ ಬರುತ್ತದೆ, ಒಂದೇ ಹಾಳೆ. ಅದರಲ್ಲಿ ಕಟ್ಟಿದ್ದು 26,500 ಚಿಲ್ಲರೆ, ಬಡ್ಡಿ 17,650, ಅಸಲು ಇಳಿದದ್ದು 8,900 ಅಂತ ಇರುತ್ತದೆ. ಆ ಹಾಳೆ ಮೊದಲ ಸಲ ಕೈಗೆ ಬಂದಾಗ ಮನಸ್ಸಿಗೆ ಬೇಜಾರಾಗುತ್ತದೆ, ವರ್ಷವಿಡೀ ದುಡಿದು ಕಟ್ಟಿದರೂ 4 ಲಕ್ಷ ಹೋಗಿ 3 ಲಕ್ಷದ 91 ಸಾವಿರ ಆಯಿತಲ್ಲ ಅಂತ. 25 ವರ್ಷ ಹೀಗೇ ಹೋದರೆ ಒಟ್ಟು ಬಡ್ಡಿ 2,64,000 ಡಾಲರ್.

ಅದೇ ಸಾಲಕ್ಕೆ ತಿಂಗಳಿಗೆ 1,000 ಡಾಲರ್ ಹೆಚ್ಚು ಕಟ್ಟಿದರೆ 14 ವರ್ಷದೊಳಗೆ ತೀರುತ್ತದೆ, ಬಡ್ಡಿ 1,38,000ಕ್ಕೆ ಇಳಿಯುತ್ತದೆ. 2,000 ಹೆಚ್ಚು ಕಟ್ಟಿದರೆ ಹತ್ತು ವರ್ಷವೂ ಬೇಡ. ದರ ಅಷ್ಟೂ ವರ್ಷ 4.5ರಲ್ಲೇ ನಿಲ್ಲೋದಿಲ್ಲ, ಅದು ನಿನಗೂ ಗೊತ್ತು, ಆದರೆ ಅಂದಾಜು ಇಷ್ಟು. ಒಬ್ಬರ ಸಂಬಳದಲ್ಲಿ ಮನೆ ನಡೆದರೆ ಇನ್ನೊಬ್ಬರ ಸಂಬಳದಿಂದ ಆ ಸಾವಿರ ಡಾಲರ್ ತೆಗೆಯೋದು ಕಷ್ಟವಲ್ಲ. ಮೊದಲಿನ ವರ್ಷಗಳಲ್ಲಿ ಕಟ್ಟಿದ ಹೆಚ್ಚುವರಿ ಡಾಲರಿಗೆ ಬೆಲೆ ಜಾಸ್ತಿ, ಯಾಕೆಂದರೆ ಅದು ಪೂರ್ತಿ ಅಸಲಿಗೇ ಹೋಗುತ್ತದೆ, ಅಸಲು ಇಳಿದಷ್ಟೂ ಮುಂದಿನ ಪ್ರತಿ ಕಂತಿನಲ್ಲೂ ಬಡ್ಡಿಯ ಪಾಲು ಕಡಿಮೆಯಾಗುತ್ತದೆ. ಇಪ್ಪತ್ತನೇ ವರ್ಷಕ್ಕೆ ಅದೇ ಸಾವಿರ ಕಟ್ಟಿದರೆ ಅಂಥ ಪ್ರಯೋಜನವೇನೂ ಇಲ್ಲ.

ನಿಮಗೆ 30 ವರ್ಷದ ಲೆಕ್ಕವನ್ನೂ ತೋರಿಸಿರುತ್ತಾರೆ. ಕಂತು 2,017ಕ್ಕೆ ಇಳಿಯುತ್ತದೆ, ತಿಂಗಳಿಗೆ 200 ಉಳಿಯಿತಲ್ಲ ಅನ್ನಿಸುತ್ತದೆ. ಬಡ್ಡಿ ಮಾತ್ರ 62,000 ಡಾಲರ್ ಜಾಸ್ತಿ. ತೀರಾ ಬೇಕೇ ಬೇಕು ಅನ್ನುವಷ್ಟು ಇಕ್ಕಟ್ಟು ಇಲ್ಲದಿದ್ದರೆ ಅದಕ್ಕೆ ಹೋಗಬೇಡ.

ಎರಡು ವಾರಕ್ಕೊಮ್ಮೆ ಕಟ್ಟುವ ವಿಷಯ ಕೇಳಿದ್ದೀಯ. ಇದರಲ್ಲಿ ಎರಡು ಬಗೆ ಇದೆ, ಹೆಸರು ಒಂದೇ ಥರ ಕೇಳುವುದರಿಂದ ಜನ ಮೋಸ ಹೋಗುತ್ತಾರೆ. ಬರೀ ಬೈವೀಕ್ಲಿ ಅಂದರೆ ವರ್ಷದ ಹನ್ನೆರಡು ಕಂತಿನ ಮೊತ್ತವನ್ನೇ 26 ಭಾಗ ಮಾಡಿ ಕಟ್ಟಿಸಿಕೊಳ್ಳುತ್ತಾರೆ, ಅದರಿಂದ ಹೆಚ್ಚೇನೂ ಲಾಭವಿಲ್ಲ. ಆಕ್ಸಿಲರೇಟೆಡ್ ಬೈವೀಕ್ಲಿ ಅಂದರೆ ತಿಂಗಳ ಕಂತಿನ ಅರ್ಧ, ವರ್ಷಕ್ಕೆ 26 ಸಲ. ಅಲ್ಲಿಗೆ ವರ್ಷಕ್ಕೆ ಹದಿಮೂರು ಕಂತು ಕಟ್ಟಿದ ಹಾಗಾಯಿತು. ನಿನ್ನ ಸಾಲಕ್ಕೆ ಇದೊಂದರಿಂದಲೇ ಮೂರು ವರ್ಷಕ್ಕಿಂತ ಜಾಸ್ತಿ ಉಳಿಯುತ್ತದೆ. ಸಂಬಳವೂ ಎರಡು ವಾರಕ್ಕೊಮ್ಮೆ ಬರುವುದರಿಂದ ಕೈಗೆ ಗೊತ್ತೂ ಆಗೋದಿಲ್ಲ. ಫಾರ್ಮಿನಲ್ಲಿ ಆಕ್ಸಿಲರೇಟೆಡ್ ಅನ್ನುವ ಪದ ಇದೆಯಾ ಅಂತ ಕಣ್ಣಿಟ್ಟು ನೋಡು.

ಇನ್ನು ಕೆನಡಾದ ಕಟ್ಟುಪಾಡು. ಊರಲ್ಲಿ ಫ್ಲೋಟಿಂಗ್ ದರದ ಗೃಹಸಾಲವನ್ನು ಯಾವಾಗ ಬೇಕಾದರೂ ಎಷ್ಟು ಬೇಕಾದರೂ ಕಟ್ಟಿ ಮುಗಿಸಬಹುದು, ಬ್ಯಾಂಕು ದಂಡ ಹಾಕುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅಮೆರಿಕದಲ್ಲಿ 30 ವರ್ಷಕ್ಕೂ ಒಂದೇ ದರ ಸಿಗುತ್ತದೆ. ಕೆನಡಾ ಎರಡೂ ಥರ ಅಲ್ಲ. ನೀನು ಯೂಟ್ಯೂಬಿನಲ್ಲಿ ನೋಡಿದ್ದು ಬಹುಪಾಲು ಅಮೆರಿಕದ ಲೆಕ್ಕ, ಅದನ್ನು ತಲೆಯಿಂದ ತೆಗೆದುಹಾಕು. ಇಲ್ಲಿ ಸಾಲ 25 ವರ್ಷದ್ದಾದರೂ ಕರಾರು ಸಾಮಾನ್ಯವಾಗಿ 5 ವರ್ಷದ್ದು. ಅದಕ್ಕೆ ಟರ್ಮ್ ಅನ್ನುತ್ತಾರೆ. ಟರ್ಮ್ ಮುಗಿದಾಗ ಆಗಿನ ದರಕ್ಕೆ ರಿನ್ಯೂ ಮಾಡಬೇಕು. ಬ್ಯಾಂಕ್ ಆಫ್ ಕೆನಡಾದ ದರ 2022ರ ಮಾರ್ಚ್ ತನಕ 0.25 ಪರ್ಸೆಂಟ್ ಇತ್ತು, 2023ರ ಜುಲೈಗೆ 5 ಪರ್ಸೆಂಟ್ ಆಯಿತು. 2024ರ ಜೂನ್ ನಂತರ ಇಳಿಯತೊಡಗಿತು. ಆ ನಡುವೆ ರಿನ್ಯೂ ಮಾಡಿದವರ ಕಂತು ಒಂದೇ ಸಲ ಎಷ್ಟೋ ನೂರು ಡಾಲರ್ ಏರಿತು. ವೇರಿಯಬಲ್ (ಏರಿಳಿಯುವ) ದರ ತಗೊಂಡು ಕಂತು ಮಾತ್ರ ಬದಲಾಗದಂತೆ ಇಟ್ಟುಕೊಂಡ ಒಂದು ಮನೆಯವರು ನಮಗೆ ಗೊತ್ತು. ಅವರ ಕಂತು ಬಡ್ಡಿಗೇ ಸಾಲದೆ, ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತಾ ಹೋಯಿತು. ಅದಕ್ಕೇ ನಾನು ಮೊದಲ ಟರ್ಮಿಗೆ ಫಿಕ್ಸೆಡ್ ಅನ್ನುತ್ತೇನೆ. ಸ್ವಲ್ಪ ಜಾಸ್ತಿ ಬಡ್ಡಿಯಾದರೂ ಆಗಲಿ, ಹೊಸ ದೇಶದಲ್ಲಿ ಮೊದಲ ಐದು ವರ್ಷ ಎಷ್ಟು ಕಟ್ಟಬೇಕು ಅಂತ ಖಾತ್ರಿ ಇರಬೇಕು.

ಫಿಕ್ಸೆಡ್ ಕ್ಲೋಸ್ಡ್ ಸಾಲದಲ್ಲಿ ಟರ್ಮಿನ ನಡುವೆ ಇಷ್ಟ ಬಂದಷ್ಟು ತೀರಿಸೋಕೆ ಬಿಡೋದಿಲ್ಲ. ಪ್ರೀಪೇಮೆಂಟ್ ಪ್ರಿವಿಲೇಜ್ ಅಂತ ಕೊಡುತ್ತಾರೆ. ವರ್ಷಕ್ಕೆ ಮೂಲ ಸಾಲದ 10, 15, ಇಲ್ಲವೇ 20 ಪರ್ಸೆಂಟಿನ ತನಕ ದಂಡವಿಲ್ಲದೆ ಕಟ್ಟಬಹುದು, ಒಂದೊಂದು ಬ್ಯಾಂಕಿನದು ಒಂದೊಂದು ಥರ. 4 ಲಕ್ಷಕ್ಕೆ 10 ಪರ್ಸೆಂಟ್ ಅಂದರೂ 40,000, ನಿಮಗೆ ಅದು ಧಾರಾಳ ಸಾಕು. ಇದಲ್ಲದೆ ಪ್ರತಿ ಕಂತನ್ನೂ ಇಷ್ಟು ಪರ್ಸೆಂಟ್ ಏರಿಸಿಕೊಳ್ಳೋಕೂ ಅವಕಾಶ ಇರುತ್ತದೆ. ಈ ವರ್ಷ ಬಳಸದೇ ಬಿಟ್ಟದ್ದು ಮುಂದಿನ ವರ್ಷಕ್ಕೆ ಸೇರೋದಿಲ್ಲ. ಮಿತಿ ಮೀರಿ ಕಟ್ಟಿದರೆ, ಅಥವಾ ಕೆಲಸ ಬದಲಾಗಿ ನಡುವೆಯೇ ಮನೆ ಮಾರಿ ಸಾಲ ಮುರಿದರೆ ಪೆನಾಲ್ಟಿ. ಮೂರು ತಿಂಗಳ ಬಡ್ಡಿ, ಇಲ್ಲವೇ ಐಆರ್‌ಡಿ ಅನ್ನುವ ದರದ ವ್ಯತ್ಯಾಸದ ಲೆಕ್ಕ, ಯಾವುದು ದೊಡ್ಡದೋ ಅದು. ಮಾರ್ಕೆಟ್ಟಿನಲ್ಲಿ ದರ ಇಳಿದಿರುವಾಗ ಈ ಐಆರ್‌ಡಿ ಹತ್ತಾರು ಸಾವಿರಕ್ಕೆ ಹೋಗುವುದುಂಟು. ವೇರಿಯಬಲ್ ಆದರೆ ಸಾಮಾನ್ಯವಾಗಿ ಮೂರು ತಿಂಗಳ ಬಡ್ಡಿ ಮಾತ್ರ. ಟರ್ಮ್ ಮುಗಿದ ದಿನ ಮಾತ್ರ ಎಷ್ಟು ಬೇಕಾದರೂ ಕಟ್ಟಬಹುದು, ದಂಡವಿಲ್ಲ. ಹಾಗಾಗಿ ದೊಡ್ಡ ಮೊತ್ತ ಕೂಡಿಟ್ಟಿದ್ದರೆ ಆ ದಿನಕ್ಕೆ ಇಟ್ಟುಕೊ.

ನಾವು ವರ್ಷಕ್ಕೊಮ್ಮೆ ಕಟ್ಟುತ್ತಿದ್ದದ್ದು ಟ್ಯಾಕ್ಸ್ ರಿಫಂಡಿನ ದುಡ್ಡು. ಅದು ಬರುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ನಮ್ಮ ಅಪ್ಪಯ್ಯ ಅಡಿಕೆ ಮಾರಿದ ದುಡ್ಡು ಬಂದ ಕೂಡಲೇ ಮೊದಲು ಸೊಸೈಟಿಯ ಬಾಕಿ ಚುಕ್ತಾ ಮಾಡಿ, ಉಳಿದದ್ದರಲ್ಲೇ ಬಟ್ಟೆಬರೆ, ಹಬ್ಬ ಅಂತ ಮಾಡುತ್ತಿದ್ದರು. ನಾನು ಕಲಿತದ್ದು ಅಲ್ಲಿಂದಲೇ. ಆ ದುಡ್ಡು ಉಳಿತಾಯ ಖಾತೆಯಲ್ಲಿ ಒಂದು ತಿಂಗಳು ಕೂತರೆ ಸೋಫಾ ಆಗಿಬಿಡುತ್ತದೆ.

ರಿಫಂಡ್ ಅಂದೆನಲ್ಲ, ಕೈಯಿಂದ ಹಾಕುವ 1 ಲಕ್ಷ ಎಲ್ಲಿಂದ ಬರುತ್ತದೆ ಅಂತ ನೀನು ಬರೆದಿಲ್ಲ. ಎಫ್‌ಎಚ್‌ಎಸ್‌ಎ ಖಾತೆ ಇಬ್ಬರೂ ತೆರೆದಿದ್ದೀರಾ? 2023ರ ಏಪ್ರಿಲ್‌ನಲ್ಲಿ ಶುರುವಾದದ್ದು, ಮೊದಲ ಮನೆ ಕೊಳ್ಳುವವರಿಗೆ. ಒಬ್ಬರು ವರ್ಷಕ್ಕೆ 8,000, ಒಟ್ಟು 40,000 ತನಕ ಹಾಕಬಹುದು. ಹಾಕುವಾಗಲೂ ತೆರಿಗೆ ಉಳಿಯುತ್ತದೆ, ಮನೆಗೆ ಅಂತ ತೆಗೆಯುವಾಗಲೂ ತೆರಿಗೆ ಇಲ್ಲ. ಇಂಥದ್ದು ಇನ್ನೊಂದಿಲ್ಲ, ತೆರೆದಿಲ್ಲವಾದರೆ ನಾಳೆಯೇ ತೆರೆ. ಆರ್‌ಆರ್‌ಎಸ್‌ಪಿ ಅನ್ನುವ ನಿವೃತ್ತಿ ಉಳಿತಾಯ ಖಾತೆಯಿಂದಲೂ ಮೊದಲ ಮನೆಗೆ ಒಬ್ಬರು 60,000 ತನಕ ತೆಗೆಯಬಹುದು, ಆದರೆ ಅದನ್ನು 15 ವರ್ಷದಲ್ಲಿ ಆ ಖಾತೆಗೆ ತಿರುಗಿ ತುಂಬಬೇಕು. ತುಂಬದಿದ್ದರೆ ಆ ವರ್ಷದ ಪಾಲನ್ನು ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಅದನ್ನೂ ಸಾಲ ಅಂತಲೇ ಲೆಕ್ಕ ಇಟ್ಟುಕೊ.

1 ಲಕ್ಷವನ್ನು ಪೂರ್ತಿ ಡೌನ್ ಪೇಮೆಂಟಿಗೇ ಹಾಕಿ ಕೈ ಖಾಲಿ ಮಾಡಿಕೊಳ್ಳಬೇಡಿ. 5 ಲಕ್ಷದ ಮನೆಗೆ ಒಂಟಾರಿಯೊದಲ್ಲಿ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ 6,475, ಮೊದಲ ಮನೆಯವರಿಗೆ 4,000 ವಾಪಸ್ ಸಿಗುತ್ತದೆ, ಪಿಆರ್ ಇರುವುದರಿಂದ ನಿಮಗೂ ಸಿಗುತ್ತದೆ. ಲಾಯರ್ ಫೀ, ಮನೆ ಪರೀಕ್ಷೆ ಮಾಡುವವರ ಫೀ, ಕರ್ಟನ್ನು, ಹಿಮ ತೆಗೆಯುವ ಸಲಿಕೆ ತನಕ ಎಲ್ಲದಕ್ಕೂ ದುಡ್ಡು ಬೇಕು. ಹಾಗಂತ 20 ಪರ್ಸೆಂಟಿಗಿಂತ ಕೆಳಗೆ ಹೋದರೆ ಸಾಲದ ವಿಮೆ ಬೀಳುತ್ತದೆ. 19 ಪರ್ಸೆಂಟ್ ಹಾಕಿದರೂ ನಿಮ್ಮ ಸಾಲಕ್ಕೆ 11,000 ಡಾಲರ್ ಮೇಲೆ ಪ್ರೀಮಿಯಂ. ಅದಕ್ಕೇ ಹೇಳಿದ್ದು, ಇನ್ನು ಸ್ವಲ್ಪ ತಿಂಗಳು ಕೂಡಿಡಿ, 1 ಲಕ್ಷದ ಮೇಲೆ ಒಂದು 20,000 ಬೇರೆಯಾಗಿ ಇರಲಿ.

ಷೇರಿನ ಪ್ರಶ್ನೆಗೆ ಬರುತ್ತೇನೆ. ನಿನ್ನ ಆಫೀಸಿನ ಗೆಳೆಯರು ಹೇಳುವುದು ಸುಳ್ಳಲ್ಲ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಷೇರು 4.5 ಪರ್ಸೆಂಟಿಗಿಂತ ಜಾಸ್ತಿ ಕೊಟ್ಟಿರಬಹುದು. ಆದರೆ ಖಾತ್ರಿ ಯಾರೂ ಕೊಡೋದಿಲ್ಲ. ಸಾಲಕ್ಕೆ ಕಟ್ಟಿದ ಡಾಲರಿಗೆ ಮಾತ್ರ 4.5 ಖಾತ್ರಿ ಉಳಿತಾಯ, ಅದೂ ತೆರಿಗೆ ಇಲ್ಲದ್ದು. ಊರಲ್ಲಿ ಹಳೇ ತೆರಿಗೆ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ತನಕ ವಿನಾಯಿತಿ ಇದೆ, ಅದಕ್ಕೇ ಅಲ್ಲಿನ ಸಿಎಗಳು ಸಾಲ ಇಟ್ಟುಕೊಳ್ಳಿ ಅನ್ನುತ್ತಾರೆ. ಕೆನಡಾದಲ್ಲಿ ನಾವು ವಾಸಿಸುವ ಮನೆಯ ಬಡ್ಡಿಗೆ ಒಂದು ಪೈಸೆ ವಿನಾಯಿತಿ ಇಲ್ಲ. ತೆರಿಗೆ ಕಟ್ಟಿ ಉಳಿದ ದುಡ್ಡಿನಿಂದಲೇ ಬಡ್ಡಿ ಕಟ್ಟಬೇಕು. 30 ಪರ್ಸೆಂಟ್ ತೆರಿಗೆಯಲ್ಲಿರುವವರು ಬ್ಯಾಂಕ್ ಠೇವಣಿಯಿಂದ ಅಷ್ಟೇ ಲಾಭ ಪಡೆಯಬೇಕೆಂದರೆ ಅದಕ್ಕೆ 6.4 ಪರ್ಸೆಂಟ್ ಬಡ್ಡಿ ಸಿಗಬೇಕು. ಎಲ್ಲಿ ಸಿಗುತ್ತದೆ?

ನಾನಾದರೆ ಹೀಗೆ ಮಾಡುತ್ತೇನೆ. ಕಂಪನಿಯವರು ಆರ್‌ಆರ್‌ಎಸ್‌ಪಿಗೆ ನೀವು ಹಾಕಿದಷ್ಟೇ ಅವರೂ ಹಾಕುತ್ತೇವೆ ಅಂದಿದ್ದರೆ ಅದನ್ನು ಬಿಡಬೇಡಿ, ಅದು ಸುಮ್ನೆ ಸಿಗುವ ದುಡ್ಡು. ಆಮೇಲೆ ಆರು ತಿಂಗಳ ಖರ್ಚು, ಗಳಿಕೆಗೆ ತೆರಿಗೆ ಬೀಳದ ಟಿಎಫ್‌ಎಸ್‌ಎ ಖಾತೆಯಲ್ಲಿ, ಬೇಕೆಂದಾಗ ತೆಗೆಯುವ ಹಾಗೆ. ಇದಾಗದೆ ಸಾಲಕ್ಕೆ ಒಂದು ಡಾಲರ್ ಹೆಚ್ಚು ಕಟ್ಟಬೇಡ. ಯಾಕೆಂದರೆ ಸಾಲಕ್ಕೆ ಕಟ್ಟಿದ್ದು ಗೋಡೆಯೊಳಗೆ ಹೋಯಿತು. ಕೆಲಸ ಹೋದ ತಿಂಗಳು ಬ್ಯಾಂಕಿಗೆ ಹೋಗಿ ಹೋದ ವರ್ಷ 20,000 ಹೆಚ್ಚು ಕಟ್ಟಿದ್ದೇವೆ, ಈಗ ಎರಡು ಕಂತು ಬಿಡಿ ಅಂದರೆ ಅವರು ಒಪ್ಪುತ್ತಾರೆ ಅಂತ ನಂಬಿ ಕೂರೋದಕ್ಕಾಗೋದಿಲ್ಲ. ಮನೆ ಮೇಲೆ ಹೊಸ ಸಾಲ ಕೇಳಿದರೂ ಕೆಲಸ ಇಲ್ಲದವರಿಗೆ ಕೊಡುವುದು ಕಷ್ಟ. ಇಷ್ಟು ಭದ್ರ ಮಾಡಿಕೊಂಡ ಮೇಲೆ ಉಳಿದದ್ದರಲ್ಲಿ ಮುಕ್ಕಾಲು ಸಾಲಕ್ಕೆ, ಕಾಲು ಭಾಗ ಟಿಎಫ್‌ಎಸ್‌ಎಯಲ್ಲಿ ಇಡೀ ಷೇರುಪೇಟೆಯನ್ನು ಅನುಸರಿಸುವ ಇಂಡೆಕ್ಸ್ ಫಂಡಿಗೆ. ಸಾಲ ಅಂದರೆ ನಿದ್ದೆ ಬರದವಳಿಗೆ ನಾನು ಹೇಳುವ ಲೆಕ್ಕ ಇದು. ನಿನ್ನ ಯಜಮಾನರಿಗೆ ಸಾಲದ ಭಯ ಇಲ್ಲದಿದ್ದರೆ ಅರ್ಧ ಅರ್ಧ ಅನ್ನಬಹುದು. ಅದನ್ನು ನೀವಿಬ್ಬರೇ ಕೂತು ಮಾತಾಡಬೇಕು, ನಿಜವಾಗಿ ಮಾತಾಡಬೇಕು. ಒಬ್ಬರು ಹಲ್ಲು ಕಚ್ಚಿ ಉಳಿಸೋದು, ಇನ್ನೊಬ್ಬರಿಗೆ ಅದು ಶಿಕ್ಷೆ ಅನ್ನಿಸೋದು, ಹಾಗಾದರೆ ಮನೆ ನಿಮ್ಮದಾಗುವ ಹೊತ್ತಿಗೆ ಮನೆಯೊಳಗೆ ಮಾತೇ ಇರೋದಿಲ್ಲ. ಊರಿಗೆ ಹೋಗಿ ಬರುವ ಖರ್ಚನ್ನು ನಾವು ಯಾವತ್ತೂ ಕಡಿತ ಮಾಡಲಿಲ್ಲ. ಕಾರು ಮಾತ್ರ ಒಂದೇ, ಅದೂ ಹಳೆಯದು, ಸಾಲ ತೀರುವ ತನಕ.

ಬ್ಯಾಂಕಿನವರು ಸಹಿ ಹಾಕಿಸುವಾಗಲೇ ಮಾರ್ಟ್‌ಗೇಜ್ ಲೈಫ್ ಇನ್ಶೂರೆನ್ಸ್ ಕೂಡ ಮುಂದಿಡುತ್ತಾರೆ. ಸಾಲ ಇಳಿದ ಹಾಗೆ ಅದರ ಪರಿಹಾರವೂ ಇಳಿಯುತ್ತದೆ, ದುಡ್ಡು ಹೋಗುವುದೂ ಬ್ಯಾಂಕಿಗೇ. ಬೇಗ ತೀರಿಸುವವರಿಗೆ ಇದು ಇನ್ನೂ ಲುಕ್ಸಾನು. ಹೊರಗೆ ಇಬ್ಬರ ಹೆಸರಲ್ಲೂ ಟರ್ಮ್ ಇನ್ಶೂರೆನ್ಸ್ ಮಾಡಿಸಿ.

ಇನ್ನೊಂದು ಸಾಲ ಇದೆ, ನೀನು ಅದನ್ನು ಪಕ್ಕದಲ್ಲಿ ಇಟ್ಟು ಮಾತಾಡಿದ್ದೀಯ. ನಿನ್ನ ಓದಿಗೆ ಕುಮಟೆಯ ಬ್ಯಾಂಕಿನಲ್ಲಿ ಮಾಡಿದ ಎಜುಕೇಶನ್ ಲೋನ್, 11 ಪರ್ಸೆಂಟ್, ಆಯಿಯ ಹೆಸರಿನ ಮನೆ ಭದ್ರತೆ. ಮೊದಲು ಅದು ತೀರಬೇಕು. ಇಲ್ಲಿಯ 4.5ರ ಸಾಲಕ್ಕೆ ಹೆಚ್ಚು ಕಟ್ಟುತ್ತಾ ಅಲ್ಲಿ 11ರದ್ದನ್ನು ಎಳೆಯೋದು ಲೆಕ್ಕಕ್ಕೇ ಕೂರೋದಿಲ್ಲ. ಆಯಿ ವಾಸವಿರುವ ಮನೆಯ ಕಾಗದ ಬ್ಯಾಂಕಿನ ಕಪಾಟಿನಲ್ಲಿ ಇರುವಾಗ ನೀನು ಬೇರೆ ಮನೆಯ ಸಾಲ ಬೇಗ ತೀರಿಸೋ ಯೋಚನೆ ಮಾಡಬೇಡ. ಅದನ್ನು ತೀರಿಸಿ ಕಾಗದ ಬಿಡಿಸಿ ಆಯಿಯ ಕೈಗೆ ಕೊಡು. ಅಪ್ಪಯ್ಯನ ಬೆಳೆಸಾಲ ತೀರಿಸ್ತೀನಿ ಅಂತಲೂ ಬರೆದಿದ್ದೀಯ. ಸಹಕಾರಿ ಸೊಸೈಟಿಯ ಬೆಳೆಸಾಲಕ್ಕೆ 5 ಲಕ್ಷ ರೂಪಾಯಿ ತನಕ, ವಾಯಿದೆಯೊಳಗೆ ಕಟ್ಟಿದರೆ, ಬಡ್ಡಿಯೇ ಇಲ್ಲ. ಅದನ್ನು ಅವಸರದಲ್ಲಿ ತೀರಿಸಿ ಏನೂ ಉಪಯೋಗವಿಲ್ಲ. ವಾಯಿದೆ ತಪ್ಪದ ಹಾಗೆ ನೋಡಿಕೊಂಡರೆ ಸಾಕು.

ತೋಟದ ವಿಷಯ. ಹೋದ ವಾರ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದಾಗ ನಿಮ್ಮ ಮನೆಗೂ ಹೋಗಿದ್ದೆ, ಆಯಿ ಹೇಳಿರಬಹುದು. ಅಪ್ಪಯ್ಯ ಮಳೆಯಲ್ಲೇ ಕೊಡೆ ಹಿಡಿದುಕೊಂಡು ತೋಟಕ್ಕೆ ಕರೆದುಕೊಂಡು ಹೋದರು. ಈ ವರ್ಷ ಕೊಳೆರೋಗ ಜೋರು. ಕಾಲಿಟ್ಟಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿದೆ, ಮುಟ್ಟಿದರೆ ಬಿಳಿ ಬೂಸ್ಟು ಕೈಗೆ ಹತ್ತುತ್ತದೆ. ಒಂದು ಸಲ ಮದ್ದು ಹೊಡೆಸಿದ್ದಾರೆ, ಎರಡನೇ ಸಲಕ್ಕೆ ಮಳೆ ಹೊಳವಾಗುತ್ತಿಲ್ಲ, ಮರ ಹತ್ತುವವರೂ ಸಿಗುತ್ತಿಲ್ಲ. ಅವರು ತೋರಿಸಿದ್ದು ಹಳ್ಳದ ಬದಿಯ ಪಾಲು, ಇದನ್ನು ಕೇಳುವವರು ಬಂದಿದ್ದಾರೆ, ಒಳ್ಳೆ ರೇಟು ಹೇಳಿದ್ದಾರೆ ಅಂದರು. ಮಗಳು ಪರದೇಶದಲ್ಲಿ ಸಾಲದಲ್ಲಿ ಇರಬಾರದು ಅಂತ ಅವರ ಮನಸ್ಸು. ಅವರ ಕಾಲದಲ್ಲಿ ಸಾಲ ಅಂದರೆ ಮನೆ ಬಾಗಿಲಿಗೆ ಬಂದು ಕೂರುವವರು. ಆ ಭಯವನ್ನು ನಾನು ಹಗುರ ಮಾಡೋದಿಲ್ಲ.

ಆದರೆ ತಂಗಿ, ಆ ತೋಟ ಒಮ್ಮೆ ಮಾರಿದರೆ ನೀನು ತಿರುಗಿ ಕೊಳ್ಳೋದಕ್ಕೆ ಬರೋದಿಲ್ಲ. ನೀನೀಗ ಎನ್ಆರ್‌ಐ. ಎನ್ಆರ್‌ಐಗಳು, ನಾಳೆ ಕೆನಡಾ ಪೌರತ್ವ ತಗೊಂಡು ಒಸಿಐ ಆದವರು, ಭಾರತದಲ್ಲಿ ಮನೆ, ಫ್ಲ್ಯಾಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸು ಕೊಳ್ಳುವ ಹಾಗಿಲ್ಲ, ಫೆಮಾ ಅನ್ನುವ ವಿದೇಶಿ ವಿನಿಮಯ ಕಾನೂನಿನ ನಿಯಮ ಅದು. ವಾರಸಿನಿಂದ ಬಂದರೆ ಇಟ್ಟುಕೊಳ್ಳಬಹುದು. ಅಂದರೆ ಅಪ್ಪಯ್ಯನ ಕೈಯಿಂದ ನಿನಗೋ ತಮ್ಮನಿಗೋ ಬರುವ ದಾರಿ ಇದೆ, ಮಾರಿದ ಮೇಲೆ ನಿನ್ನ ಹತ್ತಿರ ಎಷ್ಟು ಡಾಲರ್ ಇದ್ದರೂ ತಿರುಗಿ ಬರುವ ದಾರಿ ಇಲ್ಲ. ಇದಕ್ಕೆ ಎದುರಾಗಿ ಸಿಗುವುದೇನು? ನಿನ್ನ 4.5 ಪರ್ಸೆಂಟಿನ ಸಾಲದಲ್ಲಿ ಒಂದಿಷ್ಟು ಕಡಿಮೆ. ಜೊತೆಗೆ ಅಪ್ಪಯ್ಯ ದುಡ್ಡು ಕಳಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಹಾಕಿದರೆ ತಿರುಗಿ ಸಿಗುತ್ತದೆ, ಆದರೆ ಯಾವತ್ತೂ ಅಷ್ಟು ಓಡಾಡದ ಮನುಷ್ಯ ಅವರು, ಯಾಕೆ ಆ ವಯಸ್ಸಿನಲ್ಲಿ ಅವರಿಗೆ ಆ ಕೆಲಸ? ನಿಮ್ಮಿಬ್ಬರ ಸಂಬಳ ತೀರಿಸಬಲ್ಲ ಸಾಲಕ್ಕೆ ಅವರ ತೋಟ ಹೋಗಬಾರದು. ಅವರಿಗೆ ಫೋನ್ ಮಾಡಿ ನೀನೇ ಹೇಳು. ಬೇಡ ಅಂತ ಬರೀ ಬಾಯಲ್ಲಿ ಹೇಳಿದರೆ ನೀನು ಸಂಕೋಚಕ್ಕೆ ಹೇಳುತ್ತಿದ್ದೀಯ ಅಂದುಕೊಳ್ಳುತ್ತಾರೆ. ಲೆಕ್ಕ ಹೇಳು. ಇಷ್ಟು ಸಾಲ, ಇಷ್ಟು ಕಂತು, ಒಬ್ಬರ ಸಂಬಳದಲ್ಲೇ ನಡೆಯುತ್ತದೆ, ಇಂಥ ವರ್ಷಕ್ಕೆ ತೀರುತ್ತದೆ ಅಂತ. ವ್ಯವಹಾರ ಗೊತ್ತಿದ್ದವರು ಅವರು, ಲೆಕ್ಕಕ್ಕೆ ಒಪ್ಪುತ್ತಾರೆ.

ಕೇಳುವವರು ಮತ್ತೆ ಬರುವುದರೊಳಗೆ, ಈ ವಾರವೇ ಮಾತಾಡು.

ನಾನು ತಿಂಗಳ ಕೊನೆಗೆ ಕಿಚನರ್‌ಗೆ ಬರುತ್ತೇನೆ. ಅಷ್ಟರೊಳಗೆ ಬ್ಯಾಂಕಿನ ಕಮಿಟ್‌ಮೆಂಟ್ ಪತ್ರ ಬಂದರೆ ಸಹಿ ಹಾಕಬೇಡಿ, ನನಗೆ ಫೋಟೋ ಕಳಿಸಿ. ಅದರಲ್ಲಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಹೆಚ್ಚು ಕಟ್ಟಬಹುದು, ಆ ವರ್ಷ ಜನವರಿಯಿಂದ ಲೆಕ್ಕವೋ ಸಹಿ ಹಾಕಿದ ದಿನದಿಂದಲೋ, ಕಂತು ಏರಿಸೋಕೆ ಬಿಡುತ್ತಾರಾ, ಪೆನಾಲ್ಟಿ ಲೆಕ್ಕಕ್ಕೆ ಯಾವ ದರ ಹಿಡಿಯುತ್ತಾರೆ, ಮನೆ ಬದಲಾಯಿಸಿದರೆ ಸಾಲವನ್ನು ಹೊಸ ಮನೆಗೆ ಒಯ್ಯಬಹುದಾ, ಇಷ್ಟು ಹುಡುಕಿ ಗುರುತು ಹಾಕಿಡು. ಬಂದ ಮೇಲೆ ಒಂದು ಶನಿವಾರ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಭಾವನ ಹತ್ತಿರ ಕಂತಿನ ಎಕ್ಸೆಲ್ ಶೀಟು ಇದೆ, ನಿಮ್ಮ ಅಂಕಿ ಹಾಕಿ ನೋಡೋಣ. ಎಜುಕೇಶನ್ ಲೋನಿನ ಸ್ಟೇಟ್‌ಮೆಂಟನ್ನೂ ತಗೊಂಡು ಬಾ.